ವಿಂಡೋಸ್ ಬಿಡಬೇಕಾ ಅಂತ ಹದಿನೈದು ದಿನ ಗೀಟು ಹಾಕಿದ್ದು

ನಮ್ಮನೆ ಜಗಲಿಯ ಮೂಲೆಯಲ್ಲಿ 2016ರಲ್ಲಿ ತಂದ ಕಂಪ್ಯೂಟರ್ ಇದೆ. ಆರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಒಂದು ಟಿಬಿ ಹಾರ್ಡ್ ಡಿಸ್ಕ್. ಶಿರಸಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗಿನ ಊರು ನಮ್ಮದು. ಇಲ್ಲಿನ ಮಳೆಗಾಲವನ್ನು ಒಂದು ಯಂತ್ರ ಒಂಬತ್ತು ಸಲ ದಾಟಿದೆ ಅಂದರೆ ಅದಕ್ಕೊಂದು ನಮಸ್ಕಾರ ಹಾಕಬೇಕು. ಸಿಡಿಲಿಗೆ ಮೋಡೆಮ್ ಎರಡು ಸಲ ಸುಟ್ಟಿದೆ. ಒಂದು ಸಲ ಡಬ್ಬಿ ಬಿಚ್ಚಿದರೆ ಒಳಗೆ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡಿದ್ದವು. ಆದರೂ ಕಂಪ್ಯೂಟರ್ ನಿಂತಿರಲಿಲ್ಲ.

ಕಳೆದ ವರ್ಷ ಪರದೆ ಮೇಲೆ ಒಂದು ಸೂಚನೆ ಬರತೊಡಗಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಅಪ್‌ಡೇಟ್ ಇಲ್ಲ, ನಿಮ್ಮ ಕಂಪ್ಯೂಟರ್‌ಗೆ ವಿಂಡೋಸ್ 11 ಕೂರುವುದಿಲ್ಲ ಅಂತ. ಕಾರಣ ಸರಳ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಸುಮಾರಾಗಿ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಬೇಕು. ನಮ್ಮದು ಆರನೇದು. ಮುಗೀತು.

ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಫೋನಿನಲ್ಲಿ ಹೇಳಿದೆ. "ಆಯಿ, ಹೊಸಾದೇ ತಗಂಬನ" ಅಂದ. ಅವನಿಗೆ ಎಲ್ಲದಕ್ಕೂ ಅದೇ ಪರಿಹಾರ. ಶಿರಸಿಯ ಅಂಗಡಿಯಲ್ಲಿ ಕೇಳಿದೆ. ಸಾಧಾರಣ ಲ್ಯಾಪ್‌ಟಾಪ್‌ಗೆ 42 ಸಾವಿರ ಹೇಳಿದರು. ಮಗನ ಸ್ನೇಹಿತನೊಬ್ಬ ಆಪಲ್ ಕಂಪನಿಯ ಮ್ಯಾಕ್ ಮಿನಿ ತಗೊಳ್ಳಿ ಅಂದ. ಎಂ4 ಚಿಪ್‌ನದ್ದು ನಮ್ಮ ದೇಶದಲ್ಲಿ 59,900 ರೂಪಾಯಿಗೆ ಬಿಡುಗಡೆಯಾದದ್ದು. ಮಾನಿಟರ್, ಕೀಬೋರ್ಡ್, ಮೌಸ್ ಅದರ ಜೊತೆ ಬರುವುದಿಲ್ಲ, ನಮ್ಮ ಹಳೆಯವನ್ನೇ ಹಾಕಿಕೊಳ್ಳಬಹುದು. ಚೆನ್ನಾಗಿರೋ ಯಂತ್ರ, ಅನುಮಾನ ಇಲ್ಲ. ಆದರೆ ಆ ವರ್ಷ ಮಳೆ ಜಾಸ್ತಿಯಾಗಿ ಅಡಿಕೆ ತೋಟಕ್ಕೆ ಕೊಳೆರೋಗ ಬಂದಿತ್ತು. ಮೂರು ಸಲ ಮದ್ದು ಹೊಡೆಸಿದ ಖರ್ಚು ಕಣ್ಣೆದುರೇ ಇತ್ತು. ಅರವತ್ತು ಸಾವಿರ ಯಾವುದಕ್ಕೆ ಅಂತ ಉತ್ತರ ಕೊಡಲು ನನ್ನ ಕೈಯಲ್ಲಿ ಆಗಲಿಲ್ಲ.

ಮೂರನೇ ದಾರಿ ಲಿನಕ್ಸ್, ಅಂದರೆ ಅದೇ ಕಂಪ್ಯೂಟರಿಗೆ ವಿಂಡೋಸ್ ಬದಲು ಹಾಕಿಕೊಳ್ಳುವ ಇನ್ನೊಂದು ವ್ಯವಸ್ಥೆ. ಹೆಸರು ಕೇಳಿದ್ದೆ ಅಷ್ಟೇ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಓಡುವುದು ಅನ್ನೋ ಚಿತ್ರ ತಲೆಯಲ್ಲಿತ್ತು.

ನಿರ್ಧಾರ ಮಾಡುವ ಮೊದಲು ಒಂದು ಸಣ್ಣ ಕೆಲಸ ಮಾಡಿದೆ. ಹಳೇ ಗೋಡೆ ಕ್ಯಾಲೆಂಡರ್‌ನ ಒಂದು ಹಾಳೆ ಹರಿದು, ಅದರ ಬೆನ್ನಿಗೆ ನಾಲ್ಕೈದು ಕಾಲಂ ಎಳೆದು, ಮಾನಿಟರ್ ಪಕ್ಕ ಅಂಟಿಸಿದೆ. ಪೆನ್ನಿಗೆ ದಾರ ಕಟ್ಟಿ ನೇತು ಹಾಕಿದೆ. ಯಾರು ಕಂಪ್ಯೂಟರ್ ಮುಂದೆ ಕೂತರೂ ಎಂತ ಕೆಲಸಕ್ಕೆ ಕೂತಿದ್ದು ಅಂತ ಒಂದು ಗೀಟು ಹಾಕಬೇಕು. ಆಳುಗಳ ಲೆಕ್ಕಕ್ಕೆ ನಾವು ಗೀಟು ಹಾಕುವುದಿಲ್ವಾ, ಹಾಗೆ. ಮೊದಲ ಎರಡು ದಿನ ಎಲ್ಲರೂ ನಕ್ಕರು. ಆಮೇಲೆ ಮಾವನೇ, ಗೀಟು ಹಾಕದೆ ಎದ್ದು ಹೋದವರನ್ನು ಕರೆದು ಹಾಕಿಸತೊಡಗಿದರು. ನಿವೃತ್ತ ಮಾಸ್ತರರು, ಹಾಜರಿ ಪುಸ್ತಕ ಬಿಡುತ್ತಾರಾ?

ಹದಿನೈದು ದಿನಕ್ಕೆ 57 ಗೀಟು ಬಿತ್ತು. ಅದರಲ್ಲಿ 41 ಬರೀ ಬ್ರೌಸರಿನ ಕೆಲಸ. ಬ್ಯಾಂಕ್ ಖಾತೆ ನೋಡುವುದು, ಪಹಣಿ ತೆಗೆಯುವುದು, ವಾಟ್ಸಾಪ್ ವೆಬ್, ಕರೆಂಟ್ ಬಿಲ್, ಯೂಟ್ಯೂಬಿನಲ್ಲಿ ಯಕ್ಷಗಾನ. ನನ್ನ ಅಡಿಕೆ ಲೆಕ್ಕದ ಎಕ್ಸೆಲ್ 7. ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಮಾವನ ಟೈಪಿಂಗ್ 5. ಪ್ರಿಂಟ್ 3. ಇನ್ನೊಂದು ನಮ್ಮನೆಯವರದ್ದು, ಕಾರಿಗೆ ಭಾಗವತಿಕೆ ತುಂಬಿಸಿದ ಪೆನ್‌ಡ್ರೈವ್.

ಹಾಳೆ ನೋಡಿದ ಕೂಡಲೇ ಅರ್ಧ ಹೆದರಿಕೆ ಹೋಯಿತು. ಆ 41 ಗೀಟಿಗೆ ಯಾವ ಕಂಪ್ಯೂಟರ್ ಆದರೂ ಆಗುತ್ತದೆ. ಫೈರ್‌ಫಾಕ್ಸ್ ಎಲ್ಲ ಕಡೆ ಒಂದೇ, ಕ್ರೋಮ್ ಎಲ್ಲ ಕಡೆ ಒಂದೇ. ತಲೆನೋವು ಇದ್ದದ್ದು ಉಳಿದ ಹದಿನಾರು ಗೀಟಿನಲ್ಲಿ. ಅದರಲ್ಲೂ ಮಾವನ ಐದು, ಪ್ರಿಂಟಿನ ಮೂರು.

ಅಷ್ಟರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ವಿಂಡೋಸ್ 10 ಇದ್ದವರಿಗೆ ಮೈಕ್ರೋಸಾಫ್ಟ್ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರ ತನಕ, ಭದ್ರತೆಯ ಅಪ್‌ಡೇಟ್ ಕೊಡುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ ಬ್ಯಾಕಪ್ ಆನ್ ಮಾಡಿಕೊಂಡರೆ ದುಡ್ಡು ಕೊಡಬೇಕಾಗಿಲ್ಲ. ಅಪ್‌ಡೇಟ್ ಪುಟಕ್ಕೆ ಹೋಗಿ ಅಲ್ಲೇ ಸೇರಿಕೊಂಡೆ, ಹತ್ತು ನಿಮಿಷದ ಕೆಲಸ. ಹದಿನಾಲ್ಕನೇ ತಾರೀಕು ಬಂತಪ್ಪಾ ಅಂತ ಗಾಬರಿಯಲ್ಲಿ ಅಂಗಡಿಗೆ ಓಡುವುದು ಇದರಿಂದ ತಪ್ಪಿತು.

ಇನ್ನೊಂದು ಗೊಂದಲವೂ ಬಿಡಿಸಿಕೊಂಡದ್ದು ಈಗಲೇ. ನಮಗೆ ಕಂಪ್ಯೂಟರ್ ಮೇಲೆ ಇದ್ದ ನಿಜವಾದ ಸಿಟ್ಟು ಅಪ್‌ಡೇಟಿನದ್ದಲ್ಲ, ನಿಧಾನದ್ದು. ಬೆಳಿಗ್ಗೆ ಸ್ವಿಚ್ ಹಾಕಿ, ಚಹಾಕ್ಕೆ ನೀರಿಟ್ಟು, ಕುಡಿದು ಬಂದರೂ ಅದು ಇನ್ನೂ ತಿರುಗುತ್ತಿರುತ್ತಿತ್ತು. ಅದಕ್ಕೆ ಕಾರಣ ಹಳೇ ತಿರುಗುವ ಹಾರ್ಡ್ ಡಿಸ್ಕ್. ತಿರುಗುವ ಭಾಗವೇ ಇಲ್ಲದ, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಅನ್ನೋ ಡಿಸ್ಕ್, 256 ಜಿಬಿಯದ್ದು ಒಂದು ಹಾಕಿ, ರ‍್ಯಾಮ್ 8 ಜಿಬಿ ಮಾಡಿಸಿದೆ. ಕೂಲಿ ಸೇರಿ ನಾಲ್ಕು ಸಾವಿರದೊಳಗೆ ಆಯಿತು. ವಿಂಡೋಸ್ ಇಟ್ಟುಕೊಳ್ಳಲಿ ಬಿಡಲಿ, ಹಳೇ ಡಿಸ್ಕ್ ಇದ್ದವರು ಮೊದಲು ಮಾಡಿಸಬೇಕಾದ್ದು ಇದು ಅಂತ ನನಗೆ ಅನ್ನಿಸುತ್ತದೆ. ಹಳೇ ಹಾರ್ಡ್ ಡಿಸ್ಕನ್ನು ವಿಂಡೋಸ್ ಸಮೇತ ಹಾಗೇ ಡಬ್ಬಿಯೊಳಗೆ ಉಳಿಸಿಕೊಂಡೆ. ಅಂಗಡಿಯ ಹುಡುಗ ಫಾರ್ಮ್ಯಾಟ್ ಮಾಡಿಕೊಡ್ತೇನೆ ಅಂದ. ಬೇಡ ಮಾರಾಯಾ ಅಂದೆ. ಆ ಒಂದು 'ಬೇಡ' ಆಮೇಲೆ ಎಷ್ಟು ಉಪಯೋಗಕ್ಕೆ ಬಂತು ಅನ್ನುವುದು ಮುಂದೆ ಬರುತ್ತದೆ.

ದೀಪಾವಳಿಗೆ ಮಗ ಬಂದ. ಗೋಪೂಜೆ ಮುಗಿಸಿ, ಹೋಳಿಗೆ ಊಟ ಮಾಡಿ, ಮಧ್ಯಾಹ್ನ ಇಬ್ಬರೂ ಕೂತೆವು. ಲಿನಕ್ಸ್‌ನಲ್ಲಿ ಹತ್ತಾರು ತರ ಇವೆ. ನಾವು ಆರಿಸಿದ್ದು ಲಿನಕ್ಸ್ ಮಿಂಟ್ 22.2. ಕೆಳಗೆ ಮೂಲೆಯಲ್ಲಿ ಮೆನು, ಪಕ್ಕದಲ್ಲಿ ಗಡಿಯಾರ, ನೋಡಲು ಹಳೇ ವಿಂಡೋಸ್ ತರಾನೇ ಇದೆ ಅನ್ನುವುದು ಒಂದು ಕಾರಣ. 2029ರ ತನಕ ಅಪ್‌ಡೇಟ್ ಬರುತ್ತದೆ ಅನ್ನುವುದು ಇನ್ನೊಂದು. ಫೈಲ್ ಹತ್ತಿರ ಹತ್ತಿರ 3 ಜಿಬಿ. ನಮ್ಮೂರ ನೆಟ್ಟಿನಲ್ಲಿ ಅದನ್ನು ರಾತ್ರಿಯೇ ಹಚ್ಚಿ ಮಲಗಬೇಕು. ಮಧ್ಯರಾತ್ರಿ ಕರೆಂಟ್ ಹೋಗಿ, ಎರಡನೇ ರಾತ್ರಿಗೆ ಇಳಿದು ಮುಗಿಯಿತು.

ಅದನ್ನು ಎಚರ್ ಅನ್ನೋ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಬರೆದು, ಪೆನ್‌ಡ್ರೈವಿನಿಂದಲೇ ಕಂಪ್ಯೂಟರ್ ಶುರು ಮಾಡಿದೆವು. ಗೊತ್ತಿಲ್ಲದವರಿಗೆ ಇದನ್ನು ಹೇಳಲೇಬೇಕು. ಹೀಗೆ ಶುರು ಮಾಡಿದರೆ ಒಳಗಿನ ಡಿಸ್ಕಿಗೆ ಏನೂ ಆಗುವುದಿಲ್ಲ. ಲಿನಕ್ಸ್ ಪೆನ್‌ಡ್ರೈವಿನಲ್ಲೇ ಓಡುತ್ತದೆ. ಸ್ವಲ್ಪ ನಿಧಾನ, ಆದರೆ ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ, ಪ್ರಿಂಟರ್ ಗುರುತಾಗುತ್ತದಾ ಅಂತ ಎಲ್ಲ ನೋಡಬಹುದು. ಬೇಡ ಅನ್ನಿಸಿದರೆ ಪೆನ್‌ಡ್ರೈವ್ ಕಿತ್ತು ಮತ್ತೆ ಶುರು ಮಾಡಿದರೆ ಹಳೇ ವಿಂಡೋಸ್ ಹಾಗೇ ಬರುತ್ತದೆ. ನಾನು ಒಂದು ವಾರ ಹೀಗೇ ನಡೆಸಿದೆ. ವೈಫೈ ಬಂತು, ಸೌಂಡ್ ಬಂತು, ಕಾರಿನ ಪೆನ್‌ಡ್ರೈವೂ ಆಯಿತು.

ಪ್ರಿಂಟರ್ ಮಾತ್ರ ಬರಲಿಲ್ಲ. ನಮ್ಮದು ಹತ್ತು ವರ್ಷಕ್ಕಿಂತ ಹಳೇ ಲೇಸರ್ ಪ್ರಿಂಟರ್. ಅದಕ್ಕೆ ಕಂಪನಿಯದ್ದೇ ಆದ ಡ್ರೈವರ್, ಅಂದರೆ ಪ್ರಿಂಟರ್ ನಡೆಸುವ ತಂತ್ರಾಂಶ, ಬೇಕು. ಲಿನಕ್ಸಿಗೆ ಸಿಕ್ಕಿದ ಡ್ರೈವರ್ ಹಾಕಿ ಮಗ ಎರಡು ಸಂಜೆ ಒದ್ದಾಡಿದ. ಒಂದು ಸಲ ಅರ್ಧ ಪುಟ ಬಂದು ನಿಂತಿತು. ಈಚಿನ ಪ್ರಿಂಟರ್‌ಗಳಲ್ಲಿ ಈ ಗೋಳು ಕಡಿಮೆ. ಏರ್‌ಪ್ರಿಂಟ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ಬೇರೆ ಡ್ರೈವರ್ ಇಲ್ಲದೇ ಲಿನಕ್ಸಿನಲ್ಲೂ ನಡೆಯುತ್ತದೆ. ಹೊಸದು ಕೊಳ್ಳುವಾಗ ಡಬ್ಬಿಯ ಮೇಲೆ ಆ ಹೆಸರು ಹುಡುಕಿ. ನಮ್ಮ ಪ್ರಿಂಟರ್ ಸತ್ತಿಲ್ಲವಲ್ಲ, ಅದೇ ತೊಂದರೆ.

ಇನ್ನು ಮಾವನ ಕತೆ. ಅವರು ಅರವತ್ತಕ್ಕೆ ನಿವೃತ್ತರಾದ ಮೇಲೆ ನುಡಿಯಲ್ಲಿ ಟೈಪ್ ಕಲಿತವರು. ತಾಳಮದ್ದಳೆಗೆ ಹೋಗುವ ಮೊದಲು ಬರೆದುಕೊಂಡ ಟಿಪ್ಪಣಿ, ಮನೆತನದ ವಂಶಾವಳಿ, ತೋಟದ ಹಳೇ ದಾಖಲೆಗಳ ನಕಲು, ಒಟ್ಟು 160 ಫೈಲ್ ಇತ್ತು. ಪೆನ್‌ಡ್ರೈವಿನ ಲಿನಕ್ಸಿನಲ್ಲಿ ಅದರಲ್ಲೊಂದನ್ನು ತೆರೆದೆ. ಪರದೆ ತುಂಬ ಇಂಗ್ಲಿಷ್ ಅಕ್ಷರ, ಮೇಲೊಂದು ಟೋಪಿ ಕೆಳಗೊಂದು ಬಾಲ. ಹಿಂದೆ ನಿಂತಿದ್ದ ಮಾವ ಕನ್ನಡಕ ಸರಿಮಾಡಿಕೊಂಡರು.

"ನನ್ನ ಅಕ್ಷರ ಎಲ್ಲಾ ಎಂತಾತೇ ತಂಗಿ?"

ಅವರ ಮುಖ ನೋಡಿ ಆ ಕ್ಷಣಕ್ಕೆ ಎಲ್ಲ ಬಿಟ್ಟು 42 ಸಾವಿರ ಕೊಟ್ಟುಬಿಡೋಣ ಅನ್ನಿಸಿತ್ತು.

ಆದದ್ದು ಇಷ್ಟು. ಹಳೇ ನುಡಿ ಫಾಂಟಿನಲ್ಲಿ ಬರೆದದ್ದು ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಕನ್ನಡ ಅಂತಲೇ ಗುರುತಿಸುವ ಅಕ್ಷರ ಸಂಕೇತ, ಅಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಸಾಲೇ. ನುಡಿ ಫಾಂಟ್ ಅದಕ್ಕೆ ಕನ್ನಡದ ಅಂಗಿ ತೊಡಿಸಿರುತ್ತದೆ. ಫಾಂಟ್ ಇಲ್ಲದ ಕಡೆ ಅಂಗಿ ಕಳಚಿ ಬೀಳುತ್ತದೆ. ಹೊಸ ಲ್ಯಾಪ್‌ಟಾಪ್ ತಂದಿದ್ದರೂ, ಮ್ಯಾಕ್ ತಂದಿದ್ದರೂ, ನುಡಿ ಫಾಂಟ್ ಹಾಕುವ ತನಕ ಇದೇ ಪಾಡು. ಅಂದರೆ ತಪ್ಪು ಲಿನಕ್ಸಿನದ್ದಲ್ಲ. ಫೋನಿನಲ್ಲಿ ಆ ಫೈಲ್ ಯಾಕೆ ಯಾರಿಗೂ ಓದಲು ಬರುತ್ತಿರಲಿಲ್ಲ ಅನ್ನುವುದೂ ಆಗಲೇ ತಿಳಿದದ್ದು.

ದಾರಿ ಎರಡಿತ್ತು. ನುಡಿಯ ಫಾಂಟ್ ಫೈಲುಗಳನ್ನು ಲಿನಕ್ಸಿಗೂ ನಕಲು ಮಾಡಿದರೆ ವರ್ಡ್, ಎಕ್ಸೆಲ್ ಬದಲಿಗೆ ಲಿನಕ್ಸಿನಲ್ಲಿ ಬಳಸುವ ಲಿಬ್ರೆ ಆಫೀಸಿನಲ್ಲಿ ಹಳೇ ಫೈಲ್ ಕನ್ನಡವಾಗಿಯೇ ಕಾಣುತ್ತದೆ. ಮಾಡಿ ನೋಡಿದೆ, ಕಂಡಿತು. ಮಾವ ಉಸಿರುಬಿಟ್ಟರು. ಆದರೆ ಅದು ಮತ್ತದೇ ಅಂಗಿ ತೊಡಿಸುವ ಕೆಲಸ. ಹಾಗಾಗಿ ಎರಡನೇ ದಾರಿಯನ್ನೂ ಹಿಡಿದೆ. ವಿಂಡೋಸಿಗೆ ಹೋಗಿ, ಪರಿವರ್ತಕದಲ್ಲಿ ಒಂದೊಂದೇ ಫೈಲನ್ನು ಯೂನಿಕೋಡ್ ಮಾಡಿದೆ. ದಿನಕ್ಕೆ ಏಳೆಂಟು ಫೈಲ್, ಮೂರು ವಾರ ಹಿಡಿಯಿತು. ಅರ್ಕಾವತ್ತು ಕೆಲವು ಕಡೆ ಪಕ್ಕದ ಅಕ್ಷರಕ್ಕೆ ಹಾರಿತ್ತು. 'ಕರ್ಣ' ಇದ್ದಲ್ಲೆಲ್ಲ ಮಾವನೇ ಕೂತು ತಿದ್ದಿದರು. ಕರ್ಣಪರ್ವದ ಟಿಪ್ಪಣಿಯೇ ನಲವತ್ತು ಪುಟ ಇತ್ತು ಅಂದರೆ ಲೆಕ್ಕ ಹಾಕಿ. ಇಡೀ ಬದಲಾವಣೆಯಲ್ಲಿ ಜಾಸ್ತಿ ಹೊತ್ತು ತಿಂದದ್ದು ಇದು. ಆದರೆ ವಂಶಾವಳಿ ಈಗ ಅಮೆರಿಕದಲ್ಲಿರುವ ಅವರ ತಮ್ಮನ ಮಗನ ಫೋನಿನಲ್ಲೂ ಸರಿಯಾಗಿ ತೆರೆಯುತ್ತದೆ.

ಟೈಪಿಂಗ್ ಬಗ್ಗೆ ನನಗಿದ್ದ ಹೆದರಿಕೆ ಸುಮ್ನೆ. ನುಡಿಯ ಕೀಲಿಮಣೆ ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸ ಆಧರಿಸಿದ್ದು. ಕ್ಯೂ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಅದೇ ವಿನ್ಯಾಸ ಲಿನಕ್ಸಿನಲ್ಲೂ ಇದೆ. ಬೇರೆ ಭಾಷೆಯಲ್ಲಿ ಟೈಪ್ ಮಾಡಿಸುವ ಐಬಸ್ ಅನ್ನೋ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು, ಕನ್ನಡದ ಕೆಳಗೆ ಕೆಜಿಪಿ ಅಂತ ಇರುವುದನ್ನು ಆರಿಸಬೇಕು. ಮಾವನನ್ನು ಕೂರಿಸಿ, ಏನೂ ಹೇಳದೆ, 'ಕೊಟ್ಟಿಗೆ' ಅಂತ ಹೊಡೀರಿ ಅಂದೆ. ಕೆ, ಓ, ಕ್ಯೂ, ಎಫ್, ಕ್ಯೂ, ಐ, ಜಿ, ಇ. ಬೆರಳು ತಾನಾಗೇ ಓಡಿತು. ಪರದೆ ಮೇಲೆ ಕೊಟ್ಟಿಗೆ ಬಂತು.

"ಅಡ್ಡಿಲ್ಲೆ, ಕೀಲಿ ಎಲ್ಲ ಅಲ್ಲಲ್ಲೇ ಇದ್ದು" ಅಂದರು.

ನನ್ನ ಮಟ್ಟಿಗೆ ನಿರ್ಧಾರ ಆದದ್ದು ಆ ಮಾತಿಗೆ. ಮಾರನೇ ದಿನ ಎಸ್‌ಎಸ್‌ಡಿಗೆ ಮಿಂಟ್ ಹಾಕಿದೆವು. ಅರ್ಧ ಗಂಟೆ ಹಿಡಿಯಲಿಲ್ಲ. ಹಳೇ ಡಿಸ್ಕಿನಲ್ಲಿ ವಿಂಡೋಸ್ ಇದ್ದೇ ಇದೆ, ಶುರುವಿನಲ್ಲಿ ಯಾವುದು ಬೇಕು ಅಂತ ಕೇಳುತ್ತದೆ. ಯಾವ ಡಿಸ್ಕ್ ಅಂತ ಕೇಳುವ ಪರದೆಯಲ್ಲಿ ಮಾತ್ರ ಎರಡು ಸಲ ಓದಿ ಒತ್ತಬೇಕು. 256 ಇರೋದು ಹೊಸದು, 1 ಟಿಬಿ ಇರೋದು ಹಳೇದು ಅಂತ ನಾನು ಬಾಯಲ್ಲಿ ಹೇಳಿಕೊಂಡೇ ಒತ್ತಿಸಿದೆ. ಅದಕ್ಕೂ ಮೊದಲು ಫೋಟೋ, ಲೆಕ್ಕ, ಮಾವನ ಫೈಲ್ ಎಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ ಬೀರುವಿನಲ್ಲಿ ಇಟ್ಟಿದ್ದೆ.

ಆಮೇಲಿನ ಎರಡು ಪೇಚು ಹೇಳಿಬಿಡುತ್ತೇನೆ.

ಮೊದಲನೇದು ಗಡಿಯಾರ. ಒಂದು ರಾತ್ರಿ ಎಂಟು ಗಂಟೆಗೆ ಪ್ರಿಂಟಿಗಾಗಿ ವಿಂಡೋಸಿಗೆ ಹೋದರೆ ಅಲ್ಲಿ ಮಧ್ಯಾಹ್ನ ಎರಡೂವರೆ. ಸರಿಯಾಗಿ ಐದೂವರೆ ಗಂಟೆ ಹಿಂದೆ. ಮದರ್‌ಬೋರ್ಡಿನ ಸೆಲ್ ಹೋಯಿತು ಅಂದುಕೊಂಡು ಹೊಸ ಸೆಲ್ ತಂದು ಹಾಕಿದೆ. ಮತ್ತೆ ಅದೇ. ಆ ಐದೂವರೆಯಲ್ಲೇ ಗುಟ್ಟಿತ್ತು. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ನಮಗಿಂತ ಐದೂವರೆ ಗಂಟೆ ಹಿಂದಿನ ಗ್ರೀನಿಚ್ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಊರ ಸಮಯ ಅಂತ ಓದುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡ ಬಹಳ ಜನರಿಗೆ ಬರುವ ಸಮಸ್ಯೆಯಂತೆ. ಟರ್ಮಿನಲ್ಲಿನಲ್ಲಿ ಒಂದು ಸಾಲು ಹೊಡೆಸಿ ಮಗ ಫೋನಿನಲ್ಲೇ ಸರಿಮಾಡಿಸಿದ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಕಂಡದ್ದು ಆವತ್ತೊಂದೇ ದಿನ.

ಎರಡನೇದಕ್ಕೆ ನಿಜವಾಗಿ ಬೆವರಿದ್ದೆ. ಅಡಿಕೆ ಗೊನೆಯ ಕೊಯ್ಲು, ನಮ್ಮ ಮಾತಲ್ಲಿ ಕೊನೆ ಕೊಯ್ಲು, ಶುರುವಾಗಿತ್ತು. ಕೊನೆ ಕೊಯ್ಯುವ ಕೊನೆಗೌಡನಿಗೆ ಕೊಟ್ಟ ಮುಂಗಡ, ಸುಲಿಯುವವರ ಕೂಲಿ, ಸೊಸೈಟಿಗೆ ಹಾಕಿದ ಚಾಲಿ ಅಡಿಕೆ, ರಾಶಿ ಅಡಿಕೆ ಎಲ್ಲ ನನ್ನ ಎಕ್ಸೆಲ್ ಫೈಲಿನಲ್ಲಿ. ಅದು ಲಿಬ್ರೆ ಆಫೀಸಿನಲ್ಲಿ ಚೆನ್ನಾಗೇ ತೆರೆಯಿತು, ಮೊತ್ತಗಳೂ ಸರಿ ಇದ್ದವು. ಹೊಸ ತಾರೀಕುಗಳನ್ನೂ ಅಲ್ಲೇ ಹೊಡೆಯತೊಡಗಿದೆ. ತಿಂಗಳ ಕೊನೆಗೆ ತಾರೀಕಿನ ಪ್ರಕಾರ ಜೋಡಿಸಿದರೆ ನವೆಂಬರ್ 5ರ ಲಾಟು ಮೇ ತಿಂಗಳಿಗೆ ಹೋಗಿ ಕೂತಿದೆ! ಮೇ ತಿಂಗಳಲ್ಲಿ ಯಾವ ಕೊಯ್ಲು? ದಿಟ್ಟಿಸಿ ನೋಡಿದಾಗ ಕಾಲಂನಲ್ಲಿ ಒಂದು ವಿಚಿತ್ರ ಕಂಡಿತು. ಕೆಲವು ತಾರೀಕು ಬಲಕ್ಕೆ ಅಂಟಿಕೊಂಡಿವೆ, ಕೆಲವು ಎಡಕ್ಕೆ. ಹನ್ನೆರಡರ ಒಳಗಿನ ದಿನಗಳೆಲ್ಲ ಬಲಕ್ಕೆ, 13ರಿಂದ ಆಚೆಗಿನವು ಎಡಕ್ಕೆ. ಮಿಂಟ್ ಹಾಕುವಾಗ ಭಾಷೆ ಅಮೆರಿಕದ ಇಂಗ್ಲಿಷ್ ಆಗಿ ಉಳಿದಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 5/11 ಅಂದರೆ ಮೇ 11. ಇನ್ನು 15/11 ಅಂದರೆ ಹದಿನೈದನೇ ತಿಂಗಳು ಎಲ್ಲಿದೆ ಅಂತ ಅದನ್ನು ಬರೀ ಅಕ್ಷರ ಅಂದುಕೊಂಡು ಎಡಕ್ಕೆ ತಳ್ಳಿದೆ. ಲಿಬ್ರೆ ಆಫೀಸಿನ ಸೆಟ್ಟಿಂಗಿನಲ್ಲಿ ಲೊಕೇಲ್, ಅಂದರೆ ಯಾವ ದೇಶದ ಪದ್ಧತಿ ಅನ್ನುವುದನ್ನು, ಇಂಗ್ಲಿಷ್ (ಭಾರತ) ಮಾಡಿ, ಇಪ್ಪತ್ತಾರು ಸಾಲು ಕೈಯಾರೆ ತಿದ್ದಿದೆ. ಲಿನಕ್ಸಿಗೆ ಹೋಗುವವರು ಲೆಕ್ಕದ ಫೈಲ್ ಮುಟ್ಟುವ ಮೊದಲು ಇದೊಂದನ್ನು ನೋಡಿಕೊಳ್ಳಿ.

ಪಕ್ಕದೂರಿನ ಒಬ್ಬರು ನಮ್ಮನೆಯಲ್ಲಿ ನೋಡಿ, ನಾನೂ ಹಾಕಿಸ್ಲಾ ಅಂತ ಕೇಳಿದರು. ಅವರು ನಾಲ್ಕು ಅಂಗಡಿಗಳ ಲೆಕ್ಕ ಬರೆಯುವವರು, ದಿನವಿಡೀ ಟ್ಯಾಲಿ. ಟ್ಯಾಲಿ ಮಾಡಿರುವುದೇ ವಿಂಡೋಸಿಗೆ. ನಿಮಗೆ ಬೇಡ, ಹೊಸದೇ ತಗೊಳ್ಳಿ ಅಂದೆ. ಅವರ ಹಾಳೆಯಲ್ಲಿ ಗೀಟೆಲ್ಲ ಒಂದೇ ಕಾಲಂಗೆ ಬೀಳುತ್ತದೆ, ಅಲ್ವಾ?

ನಮ್ಮನೆಯವರಿಗೆ ಏನು ಬದಲಾಯಿತು ಅಂತ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಬೇಗ ಶುರುವಾಗುತ್ತದೆ, ಎಸ್‌ಎಸ್‌ಡಿ ಒಳ್ಳೇದು ಅಂತಾರೆ. ನಾನೂ ತಿದ್ದಲು ಹೋಗಿಲ್ಲ.

ಪ್ರಿಂಟ್ ಬೇಕಾದಾಗ ಪಿಡಿಎಫ್ ಮಾಡಿ, ಮತ್ತೆ ಶುರು ಮಾಡಿ, ವಿಂಡೋಸಿಗೆ ಹೋಗಿ ಹೊಡೆಯಬೇಕು. ಕಿರಿಕಿರಿಯೇ. ಅದೂ ಹಳೇ ಡಿಸ್ಕ್, ತೆರೆದುಕೊಳ್ಳುವಷ್ಟರಲ್ಲಿ ಎಲೆಯಡಿಕೆಯ ಒಂದು ಕವಳ ಹಾಕಿ ಮುಗಿಸಬಹುದು. 2026ರ ಅಕ್ಟೋಬರ್ ಮುಗಿದರೆ ಅದಕ್ಕೂ ಅಪ್‌ಡೇಟ್ ಇಲ್ಲ. ಆಮೇಲೆ ನೆಟ್ ತಪ್ಪಿಸಿ ಬರೀ ಪ್ರಿಂಟಿಗೆ ಇಟ್ಟುಕೊಳ್ಳುವುದಾ, ಹೊಸ ಪ್ರಿಂಟರ್ ತರುವುದಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಮಾನಿಟರ್ ಪಕ್ಕ ಮತ್ತೊಂದು ಕ್ಯಾಲೆಂಡರ್ ಹಾಳೆ ಅಂಟಿಸಿದ್ದೇನೆ. ಈ ಸಲ ಒಂದೇ ಕಾಲಂ. ನಿನ್ನೆಗೆ ಹದಿನಾಲ್ಕು ಗೀಟು, ಅದರಲ್ಲಿ ಒಂಬತ್ತು ಮಾವನದ್ದು.